ಬೇಲಿ ಮೊದಲು, ಹೂ ಆಮೇಲೆ

ಒತ್ತಿದರೆ ಒಳಕ್ಕೆ ಕುಸಿಯುತ್ತದೆ, ಟೊಳ್ಳು, ಗಾಳಿ ಬಿಟ್ಟರೆ ಒಳಗೆ ಏನೂ ಇಲ್ಲ — ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಆರ್ಕಿಡ್ಡಿನ ಕಾಂಡ ಒಂದಿಷ್ಟು ಚಪ್ಪಟೆಯಾಗಿ ಮತ್ತೆ ಉಬ್ಬಿಕೊಂಡಿತು, ರಾಗ್ನಿ ಅದನ್ನು ಬಿಟ್ಟು ಪಕ್ಕದ್ದಕ್ಕೆ ಕೈಹಾಕಿದಳು, ಇದೂ ಟೊಳ್ಳೇ, ಹೂವಿನ ಕೆಳತುಟಿ ಕಿರಿದು, ಬಣ್ಣ ತೆಳು, ಎಲೆಯ ಮೇಲೆ ಒಂದು ಚುಕ್ಕೆಯೂ ಇಲ್ಲ, ಗೋಟ್‌ಲ್ಯಾಂಡ್ ದ್ವೀಪದ ಯಾವ ಜೌಗಿಗೆ ಕಾಲಿಟ್ಟರೂ ಕಾಣುವ ಬಡಪಾಯಿ ಹೂ, ನಿನ್ನನ್ನು ಅಳೆಯುವ ಅಗತ್ಯವೇ ಇಲ್ಲ ಮಾರಾಯ್ತಿ, ನೀನು ಯಾರೆಂದು ಎಲ್ಲರಿಗೂ ಗೊತ್ತು. ಕಣ್ಣು ಮೋಸ ಹೋದೀತು, ಬೆರಳು ಹೋಗುವುದಿಲ್ಲ — ಅಪ್ಪ ಹೇಳಿಕೊಟ್ಟದ್ದು, ಅವಳು ಇನ್ನೂ ಶಾಲೆಗೆ ಸೇರಿರಲಿಲ್ಲ, ಊರಿನ ಮಕ್ಕಳಿಗೆಲ್ಲ ಮೇಷ್ಟ್ರಾಗಿದ್ದ ವಾಲ್‌ಫ್ರಿಡ್ ಮಗಳ ಎರಡು ಬೆರಳನ್ನು ತನ್ನ ಎರಡು ಬೆರಳಿನಲ್ಲಿ ಹಿಡಿದು ಕಾಂಡದ ಮೇಲಿಟ್ಟು ಒತ್ತಿಸಿದ್ದ, ಬಣ್ಣ ಒಣಗಿದ ಮೇಲೆ ಹಾರಿಹೋಗುತ್ತೆ ಕಣೆ, ಎತ್ತರ ಮಳೆ ಹೇಳಿದ ಹಾಗೆ ಕೇಳುತ್ತೆ, ಕಾಂಡದ ಒಳಗನ್ನ ಮಾತ್ರ ಗಿಡ ಬಚ್ಚಿಡೋಕೆ ಆಗಲ್ಲ. ಅಪ್ಪನ ಬೆರಳಿಗೆ ಸೀಮೆಸುಣ್ಣದ ವಾಸನೆ. ಈಗ ಅವಳಿಗೇ ಎಪ್ಪತ್ತು ಹತ್ತಿರ, ಮಂಡಿ ಊರಿದರೆ ಏಳುವಾಗ ಪಕ್ಕದ ಜುನಿಪರ್ ಪೊದೆಯ ದಯೆ ಬೇಕು, ಅವಳು ಎದ್ದಳು, ಕಾಲಡಿಗೆ ಪಾಚಿ ಹಪ್ಪಳದ ಹಾಗೆ ಮುರಿಯಿತು, ಜೂನಿನಲ್ಲಿ ಹಿಮ್ಮಡಿ ಮುಳುಗುವಷ್ಟು ನೀರು ನಿಲ್ಲಬೇಕಾದ ಜೌಗು ಇದು, ಈ ಸಲ ವಸಂತದಿಂದ ಒಂದು ಹನಿ ಬಿದ್ದಿಲ್ಲ, ಬಾವಿಗಳು ತಳ ಕಂಡಿವೆ, ಇಂಥ ಒಣಗಾಲ ಹಿಂದೆ ಒಮ್ಮೆ ಬಂದಿತ್ತು ಎಂದು ಊರಿನಲ್ಲಿ ಮುದುಕರು ಹೇಳುತ್ತಾರೆ, ಯಾವಾಗ ಎಂದು ಕೇಳಿದರೆ ಮಾತು ಬದಲಿಸುತ್ತಾರೆ. ದುಂಬಿಯೊಂದು ಎಲ್ಲೋ ಒಂದೇ ಸಮನೆ ಗುಂಯ್‌ಗುಡುತ್ತಿದೆ — ದುಂಬಿಯಲ್ಲ, ಜೆಸಿಬಿ, ಜೌಗಿನ ಆಚೆ ತುದಿಯಲ್ಲಿ, ದನ ಸಾಕುವ ನೆರೆಯ ಸ್ಟೂರೆ ಆಗಲೇ ಶುರುಹಚ್ಚಿಕೊಂಡಿದ್ದಾನೆ. ಬೆಳಗ್ಗೆ ಕಾಫಿ ಬಗ್ಗಿಸಿಕೊಳ್ಳುವಷ್ಟರಲ್ಲಿ ಫೋನು, ಡಾಕ್ಟರಮ್ಮ, ಯಂತ್ರ ಬಂತು, ದನ ಬಾಯಿ ಬಿಡ್ತಿವೆ, ಇನ್ನು ಕಾಯೋಕಾಗಲ್ಲ, ನಿನ್ನ ಹೂಗಳಿಗೆ ಟಾಟಾ ಮಾಡೋದಿದ್ರೆ ಬಂದ್ಬಿಡು. ಅವನು ಅವಳನ್ನು ಡಾಕ್ಟರಮ್ಮ ಅನ್ನುವುದು ಹೂವಿನ ಮೇಲೆ ಬರೆದು ಡಾಕ್ಟರಾದವಳೆಂಬ ಗೇಲಿಗೆ, ನನ್ನ ಹಸುವಿಗೆ ಜ್ವರ ಬಂದ್ರೆ ಒಂದು ಗುಳಿಗೆನಾದ್ರೂ ಕೊಡೋಕೆ ಬರುತ್ತಾ ನಿಂಗೆ ಎಂದು ನಲವತ್ತು ವರ್ಷದಿಂದ ಕೇಳುತ್ತಿದ್ದಾನೆ. ಅವಳು ಕಾಫಿಯನ್ನು ಅರ್ಧಕ್ಕೇ ಬಿಟ್ಟು ಬಂದಳು, ಕಾರನ್ನು ಕಲ್ಲುಗೋಡೆಯ ಹತ್ತಿರ ನಿಲ್ಲಿಸಿ ಈಚೆ ತುದಿಯಿಂದಲೇ ನಡೆಯತೊಡಗಿದಳು, ಯಾಕೆ ಈಚೆ ತುದಿಯಿಂದ, ನೇರ ಅಲ್ಲಿಗೇ ಹೋಗಬಹುದಿತ್ತು. ಹೋಗಲು ಮನಸ್ಸಾಗಲಿಲ್ಲ.

ಒಂಬತ್ತು ಪ್ರಭೇದ ಇದ್ದದ್ದು ನಾಲ್ಕಾಯಿತು, ಅವಳು ಮಾಡಿದ್ದು ಅಷ್ಟೇ, ಹೇಳಿದರೆ ಒಂದು ಸಾಲು, ಮಾಡುವುದಕ್ಕೆ ಅರ್ಧ ಆಯಸ್ಸು — ಈ ದ್ವೀಪದ ಜೌಗಿನ ಆರ್ಕಿಡ್ಡುಗಳಿಗೆ ಹೆಸರಿಟ್ಟವರೆಲ್ಲ ಪಾದ್ರಿಗಳು ಮೇಷ್ಟ್ರುಗಳು, ಎಲೆಯಲ್ಲಿ ಒಂದು ಚುಕ್ಕೆ ಹೆಚ್ಚಿಗೆ ಕಂಡರೆ ಹೊಸ ಪ್ರಭೇದ, ಹೂವಿನ ಹಿಂದೆ ಇಳಿಬಿದ್ದ ಬಾಲ ಒಂದು ಕೂದಲೆಳೆ ಉದ್ದವಾದರೆ ಇನ್ನೊಂದು ಪ್ರಭೇದ, ಪ್ರತಿ ಊರಿಗೂ ಅದರದೇ ಹೂ, ಅದರದೇ ಜಂಬ. ಅವಳು ಎಲ್ಲವನ್ನೂ ಹೊಸದಾಗಿ ಅಳೆದಳು, ತುಟಿಯ ಅಗಲ, ಬಾಲದ ಉದ್ದ, ಎಲೆ ಎಲ್ಲಿ ಅತಿ ಅಗಲ, ಕಾಂಡ ಟೊಳ್ಳೋ ಗಟ್ಟಿಯೋ, ಪ್ರತಿ ಗಿಡದಲ್ಲೂ ಕೆಳಗಿನಿಂದ ಎಣಿಸಿ ಅದೇ ಸ್ಥಾನದ ಹೂ, ಅಳೆದೂ ಸುರಿದೂ ಕಾಲ ಕಳೆಯುತ್ತಾಳೆ ಎಂದು ಕಡಲಾಚೆ ಮುಖ್ಯಭೂಮಿಯ ದೊಡ್ಡ ವಿದ್ವಾಂಸರು ನಕ್ಕರು, ನಗಲಿ, ಅಳತೆ ಯಾರ ಮರ್ಜಿಯನ್ನೂ ಕಾಯುವುದಿಲ್ಲ. ಪಾದ್ರಿಗಳ ಹೂಗಳು ಒಂದೊಂದಾಗಿ ಉದುರಿದವು, ಆಗೆಲ್ಲ ಅವಳಿಗೆ ಖುಷಿ, ಹೌದು ಖುಷಿಯೇ, ಅದನ್ನು ಮುಚ್ಚಿಟ್ಟು ಏನಾಗಬೇಕು. ಕೊನೆಗೆ ಉಳಿದದ್ದು ಎಸ್ಕಿಲ್ ಹೂ. ಅಪ್ಪ ಹೆಸರಿಟ್ಟದ್ದು, ಎಂಟು ವರ್ಷಕ್ಕೇ ಹೋದ ಮಗನ ಹೆಸರು, ಅವಳ ಅಣ್ಣ — ಈ ಜೌಗಿನ ಆಚೆ ತುದಿಯಲ್ಲಿ ಒಂದು ಒಕ್ಕಣೆ ಕಣದಷ್ಟು ಜಾಗದಲ್ಲಿ ಮಾತ್ರ ಏಳುವ ಹೂ, ಬೇರೆಯವು ಗೇಣುದ್ದವಾದರೆ ಅದು ಮೊಣಕಾಲ ಮೇಲೆ, ಎಲೆ ಮೂರು ಬೆರಳು ಅಗಲ, ತುಟಿ ಹೆಪ್ಪುಗಟ್ಟಿದ ರಕ್ತದ ಬಣ್ಣ. ದ್ವೀಪಕ್ಕೆಲ್ಲ ಅದು ಪ್ರೀತಿಯ ಹೂ, ಕಾಫಿ ಬಟ್ಟಲಿನ ಮೇಲೆ ಅದರ ಚಿತ್ರ, ಮಗನನ್ನು ಕಳೆದುಕೊಂಡ ಮೇಷ್ಟ್ರಿಗೆ ದೇವರು ಕೊಟ್ಟ ಹೂ ಎಂದು ಹೆಂಗಸರು ಕಣ್ಣೊರೆಸಿಕೊಂಡು ಹೇಳುವ ಕಥೆ, ಕಾನೂನಿನ ರಕ್ಷಣೆ, ಸುತ್ತ ಬೇಲಿ, ಒಳಗೆ ಯಾರೂ ಗುದ್ದಲಿ ಹಾಕುವಂತಿಲ್ಲ. ಅವಳು ಒಂದು ಗಿಡವನ್ನು ಗೆಡ್ಡೆ ಸಮೇತ ಕಿತ್ತು ಪೇಟೆಯ ಮನೆಯ ಕಿಟಕಿಯಲ್ಲಿ, ಈಚೆ ತುದಿಯ ಮಣ್ಣು ತುಂಬಿದ ಕುಂಡದಲ್ಲಿ ನೆಟ್ಟಳು, ಮೊದಲ ವರ್ಷ ಎತ್ತರ, ಕಪ್ಪುಗೆಂಪು, ಮರುವರ್ಷ ಅರ್ಧ, ಅದರ ಮುಂದಿನ ವರ್ಷ ಬಡಪಾಯಿಯಾಗಿ ಕೂತಿತ್ತು, ಪಕ್ಕದ ಕುಂಡದ್ದಕ್ಕೂ ಇದಕ್ಕೂ ಏನೇನೂ ವ್ಯತ್ಯಾಸವಿಲ್ಲ. ಅಂದರೆ ಗಿಡದ ಗುಣವಲ್ಲ, ನೆಲದ ಗುಣ. ಆ ನೆಲದ ಮಣ್ಣನ್ನು ಪರೀಕ್ಷೆಗೆ ಕಳಿಸಿದಾಗ ಅಲ್ಲಿಯ ಹುಡುಗಿ ಫೋನಿನಲ್ಲಿ ನಕ್ಕಿದ್ದಳು, ಮೇಡಂ, ಇದರಲ್ಲಿ ಇಷ್ಟೊಂದು ರಂಜಕ ಹೇಗೆ ಬಂತು, ಯಾರೋ ಎಲುಬಿನ ಪುಡಿ ಹಾಕಿ ಸಾಕಿದ ಹಾಗಿದೆ ನಿಮ್ಮ ಹೂವನ್ನ. ರಾಗ್ನಿಯೂ ನಕ್ಕಳು, ಹಿಂದೆ ಅಲ್ಲಿ ಮೀನಿನ ಕಸ ಸುರಿದಿರಬಹುದು ಎಂದು ಬರೆದಳು, ಕಡಲು ಇಲ್ಲಿಂದ ಎಷ್ಟು ದೂರ, ಮೀನಿನ ಕರುಳನ್ನು ಗಾಡಿ ಕಟ್ಟಿಕೊಂಡು ಈ ಜೌಗಿಗೆ ತರುವ ಹುಚ್ಚ ಯಾರು, ಅದನ್ನು ಅವಳು ಕೇಳಿಕೊಳ್ಳಲಿಲ್ಲ, ಒಂದು ಕೂದಲೆಳೆ ಬಾಲಕ್ಕೆ ಇನ್ನೊಬ್ಬರನ್ನು ವಾರಗಟ್ಟಲೆ ಗೋಳುಹೊಯ್ದುಕೊಳ್ಳುವವಳು ಅದನ್ನು ಹಾಗೇ ಬಿಟ್ಟಳು. ಎಸ್ಕಿಲ್ ಹೂ ಬೇರೆ ಪ್ರಭೇದವಲ್ಲ ಎಂದು ಬರೆದು ಕಳಿಸಿದ ದಿನ ಅತ್ತಳು, ಅತ್ತದ್ದಕ್ಕೂ ಒಂದು ಹೆಮ್ಮೆ, ಸ್ವಂತ ಅಣ್ಣನ ಹೆಸರನ್ನೂ ಬಿಡಲಿಲ್ಲ ಎಂಬ ಹೆಮ್ಮೆ. ಹೆಸರು ಹೋಯಿತು, ರಕ್ಷಣೆ ಹೋಯಿತು, ಬೇಲಿ ಹೋಯಿತು, ದನಕ್ಕೆ ನೀರಿನ ಹೊಂಡ ತೋಡಿಕೋ ಎಂದು ಸ್ಟೂರೆಗೆ ಅನುಮತಿ ಬಂತು. ಅವನು ಒಳ್ಳೆಯವನು, ಗಿಡಗಳನ್ನ ಸಾಯಿಸಲ್ಲ ರಾಗ್ನಿ, ಎತ್ತಿ ಆ ಕಡೆ ನೆಡ್ತೀನಿ, ಹೇಗೆ ಎತ್ತಬೇಕು ಹೇಳು ಅಂದಿದ್ದ, ಅವಳೇ ಹೇಳಿಕೊಟ್ಟಳು, ಯಂತ್ರ ಹಾಕಬೇಡ, ಗುದ್ದಲಿ ಬೇಡ, ಗ್ಲೌಸೂ ಬೇಡ, ಬರಿಗೈಯಲ್ಲೇ ಮಣ್ಣು ಬಿಡಿಸು, ಗೆಡ್ಡೆ ಎಲ್ಲಿದೆ ಅಂತ ಬೆರಳಿಗೆ ಗೊತ್ತಾಗಬೇಕು.

ಜೌಗಿನ ನಡುವೆ ಒಂದು ಹಲಗೆ ಹಾಸಿದೆ, ನೀರಿದ್ದಾಗ ದಾಟಲು, ಈಗ ಹಲಗೆ ಯಾಕೆ, ಆದರೂ ಅವಳು ಅದರ ಮೇಲೆಯೇ ನಡೆದಳು, ಅಭ್ಯಾಸ, ಹಲಗೆ ಟಕಟಕ ಅಂದಿತು, ನಿನ್ನೆ ಅಪ್ಪನ ಚಮಚ ಬಟ್ಟಲಿಗೆ ಬಡಿದ ಸದ್ದೂ ಹೀಗೇ. ವೃದ್ಧಾಶ್ರಮದ ಕಿಟಕಿ ಪಕ್ಕ ಕುರ್ಚಿ, ತೊಡೆಯ ಮೇಲೆ ಕಂಬಳಿ, ಇಷ್ಟು ಸೆಖೆಗೂ ಕಂಬಳಿ, ತೊಂಬತ್ತು ದಾಟಿದ ಮೇಲೆ ಚಳಿಗೆ ಕಾಲ ನೋಡಿ ಬರುವ ಅಭ್ಯಾಸ ತಪ್ಪುತ್ತದೆ, ಕಣ್ಣಿಗೆ ಹಾಲಿನ ಕೆನೆಯಂಥ ಪೊರೆ. ಸ್ಟ್ರಾಬೆರಿ ಒಯ್ದಿದ್ದಳು, ಹಾಲು ಸಕ್ಕರೆ ಹಾಕಿ ಕಲಸಿ ಕೊಟ್ಟಳು, ಆಮೇಲೆ ಹೇಳಿದಳು, ಎಷ್ಟು ದಿನ ಅಂತ ಮುಚ್ಚಿಡುವುದು, ಅಪ್ಪ, ಎಸ್ಕಿಲ್ ಹೂವನ್ನ ನಾನು ತೆಗೆದುಹಾಕಿದೆ, ಅದು ಬೇರೆ ಅಲ್ಲ, ನೆಲದಿಂದ ಹಾಗಾಗುತ್ತೆ ಅಷ್ಟೇ. ಅವನು ಸಿಟ್ಟಾಗುತ್ತಾನೆ ಅಂದುಕೊಂಡಿದ್ದಳು, ಅಳುತ್ತಾನೆ ಅಂದುಕೊಂಡಿದ್ದಳು, ಅವನು ಸ್ಟ್ರಾಬೆರಿಯನ್ನು ಅಗಿದು ನುಂಗಿ, ಅಳತೆ ಏನು ಹೇಳುತ್ತೋ ಅದೇ ಸರಿ ಅಂದ, ಮೇಷ್ಟ್ರ ದನಿ, ಅವಳಿಗೆ ಎದೆ ತುಂಬಿ ಬಂತು, ಎಂಥ ಅಪ್ಪ ನನ್ನವನು ಅನ್ನಿಸಿತು. ಹಾಗಾಗಿ ಮಿಕ್ಕದ್ದನ್ನೂ ಹಗುರಾಗಿ ಹೇಳಿಬಿಟ್ಟಳು, ಬೇಲಿ ಕಿತ್ತಿದ್ದಾರೆ, ಸ್ಟೂರೆ ಅಲ್ಲಿ ದನಕ್ಕೆ ಹೊಂಡ ತೋಡ್ತಾನೆ. ಚಮಚ ನಿಂತಿತು. ಎಷ್ಟು ಆಳ. ಎರಡಾಳು ಆದ್ರೂ ತೋಡಬೇಕು ಅಪ್ಪ, ನೀರು ಪಾತಾಳಕ್ಕೆ ಹೋಗಿದೆ. ಹೊರಗೆ ಯಾರೋ ಹುಲ್ಲು ಕತ್ತರಿಸುತ್ತಿದ್ದರು, ಆಮೇಲೆ ಅವನು ಅಂದ, ನಾವು ಒಂದಾಳು ಕೂಡ ತೋಡಲಿಲ್ಲ, ಬಂಡೆ ಸಿಕ್ತು. ಏನು ತೋಡಿದ್ರಿ ಅಪ್ಪ. ಸುಣ್ಣ ಸಾಕಾಗಲಿಲ್ಲ, ಆಲ್ಗೊಟ್ ಇನ್ನೊಂದು ಗಾಡಿ ತರ್ತೀನಿ ಅಂದ, ತರಲಿಲ್ಲ — ಆಲ್ಗೊಟ್ ಅಂದರೆ ಸ್ಟೂರೆಯ ಅಪ್ಪ, ತೀರಿಕೊಂಡು ಎಷ್ಟೋ ಕಾಲವಾಯಿತು, ಅವಳು ಅಂದುಕೊಂಡಳು ಯಾವುದೋ ಗೋಡೆ, ಯಾವುದೋ ಗಾರೆ ಕೆಲಸ, ಹಳೆಯದು ಹೊಸದು ಕಲಸಿಹೋಗಿದೆ ಮುದುಕನ ತಲೆಯಲ್ಲಿ. ಅವನು ಅವಳ ಕಡೆ ಕುರುಡುಗಣ್ಣು ತಿರುಗಿಸಿ, ಆ ನೆಲ ಬಿಟ್ಟುಬಿಡೋಕೆ ಹೇಳು ಅವನಿಗೆ ಅಂದ, ಹೇಳ್ತೀಯಾ, ಅಂದ, ಮತ್ತೆ ಬಲಗೈಯನ್ನು ಮೆಲ್ಲಗೆ ಕಂಬಳಿಯೊಳಗೆ ಎಳೆದುಕೊಂಡ, ತಪ್ಪು ಮಾಡಿದ ಹುಡುಗ ಬೆತ್ತದೇಟಿಗೆ ಹೆದರಿ ಎಳೆದುಕೊಂಡ ಹಾಗೆ, ಅವಳಿಗೆ ನಗು ಬಂತು. ನಗು. ಹೇಳ್ತೀನಿ ಅಪ್ಪ, ನಾಳೆ ಹೇಳ್ತೀನಿ ಅಂದು ಹಣೆಗೆ ಮುತ್ತಿಟ್ಟು ಬಂದಳು.

ಹಲಗೆ ಮುಗಿಯಿತು, ಅಲ್ಲಿ ಮೊದಲ ಗೂಟ ಬಿದ್ದಿದೆ, ಕಿತ್ತು ಎಸೆದ ಬೇಲಿಯ ಜುನಿಪರ್ ಗೂಟ, ಅರುವತ್ತು ವರ್ಷದಿಂದ ನೆಲದೊಳಗಿದ್ದರೂ ಕೊಳೆತಿಲ್ಲ, ಅದಕ್ಕೆ ಸುತ್ತಿದ್ದ ತಿರುಚಿದ ಕೊಂಬೆಯ ಕಟ್ಟು ಅಲ್ಲಲ್ಲೇ ಇದೆ, ಈ ಕಡೆಯ ಬೇಲಿಯೇ ಹಾಗೆ, ಎಳೆ ಕೊಂಬೆ ಬೆಂಕಿಗೆ ಹಿಡಿದು ಬಾಗಿಸಿ ಕಟ್ಟುತ್ತಾರೆ, ಒಂದು ಮೊಳೆಯೂ ಇರುವುದಿಲ್ಲ. ಒಂದು ಮೊಳೆಯೂ ಇರುವುದಿಲ್ಲ. ಎಸ್ಕಿಲ್‌ಗೆ ಬೇಲಿಯ ಮೊಳೆ ಚುಚ್ಚಿ ರಕ್ತ ನಂಜಾಯಿತು — ಅವಳಿಗೆ ಹೇಳಿದ್ದು ಅದು, ಪಾದ್ರಿಗೆ ಹೇಳಿದ್ದು ಅದು, ಊರೆಲ್ಲ ತಲೆಯಾಡಿಸಿದ್ದೂ ಅದಕ್ಕೇ — ಯಾವ ಬೇಲಿ, ಮನೆಯ ಸುತ್ತ ಕಲ್ಲುಗೋಡೆ, ಹೊಲದ ಸುತ್ತ ಕಲ್ಲುಗೋಡೆ, ಬೇಲಿ ಅಂತ ಇದ್ದದ್ದು ಇದೊಂದೇ, ಇದನ್ನು ಅಪ್ಪ ಕಟ್ಟಿದ್ದು ಎಸ್ಕಿಲ್ ಹೋದ ಮೇಲೆ, ಆ ಮಾಗಿಯಲ್ಲಿ, ಅವಳು ನೋಡಿದ್ದಾಳೆ, ಅವಳೇ ಕೊಂಬೆ ಎತ್ತಿಕೊಟ್ಟಿದ್ದಾಳೆ, ಐದು ವರ್ಷದವಳು, ಮೂಗು ಸೋರುತ್ತಿತ್ತು, ಅಪ್ಪ ಯಾಕೆ ಇಲ್ಲಿ ಬೇಲಿ, ಕುರಿ ಬರಬಾರದು ಅಂತ. ಆಗ ಅಲ್ಲಿ ಹೂವೇ ಇರಲಿಲ್ಲ. ಕೆದಕಿದ ಮಣ್ಣು ಇತ್ತು, ಬೋಳು, ಬೂದು, ಅಲ್ಲಲ್ಲಿ ಸುಣ್ಣದ ಬಿಳಿ. ಹೂವನ್ನು ಅಪ್ಪ ಕಂಡುಹಿಡಿದದ್ದು ಅವಳು ಶಾಲೆಯಲ್ಲಿ ಭಾಗಾಕಾರ ಕಲಿಯುವಾಗ, ರೇಡಿಯೋದವರು ಬಂದಾಗ ಅಪ್ಪ ಹೇಳಿದ್ದ, ಈ ಅಪರೂಪದ ಹೂವನ್ನು ಕಂಡ ದಿನವೇ ನಾನು ಬೇಲಿ ಹಾಕಿದೆ ಎಂದು, ಅವಳು ರೇಡಿಯೋದ ಮುಂದೆ ಕೂತು ಕೇಳಿದ್ದಳು, ಹಾಗಲ್ಲವಲ್ಲ ಅನ್ನಿಸಿತ್ತು, ಅಮ್ಮನ ಮುಖ ನೋಡಿದ್ದಳು, ಅಮ್ಮ ರೇಡಿಯೋದ ಕಿವಿ ಹಿಂಡಿ ಬಂದ್ ಮಾಡಿದಳು. ಬೇಲಿ ಮೊದಲು, ಹೂ ಆಮೇಲೆ. ಅಮ್ಮ — ಅಪ್ಪ ಮೊದಲ ಸಲ ಆ ಹೂವಿನ ಒಂದು ಗೊಂಚಲು ತಂದು ಮೇಜಿನ ಮೇಲಿಟ್ಟಾಗ ಅಮ್ಮ ಅದನ್ನು ಎತ್ತಿ ಒಲೆಗೆ ಹಾಕಿದಳು, ಆಮೇಲೆ ಬಟ್ಟೆ ಒಗೆಯುವ ಕ್ಷಾರದ ಸೋಡಾದಲ್ಲಿ ಮೊಣಕೈವರೆಗೆ ತೊಳೆದುಕೊಂಡಳು, ಚರ್ಮ ಕೆಂಪಗಾಯಿತು, ಮತ್ತೂ ತೊಳೆದಳು, ಸಾಯುವವರೆಗೆ ಈ ಜೌಗಿನ ಕಡೆ ಮುಖ ಹಾಕಲಿಲ್ಲ, ಮಗನ ನೆನಪಾಗುತ್ತದೆ ಪಾಪ ಎಂದು ಎಲ್ಲರೂ. ಜೆಸಿಬಿಯ ಸದ್ದು ಈಗ ಜೋರಾಗಿದೆ, ಒಂದು ಸಲ ಏರುತ್ತದೆ, ಇಳಿಯುತ್ತದೆ, ಮಣ್ಣಿಗೆ ಹಲ್ಲು ಹಾಕಿ ಎತ್ತುವ ಸದ್ದು, ಜುನಿಪರ್ ಪೊದೆಗಳು ಅಡ್ಡ, ಏನೂ ಕಾಣುವುದಿಲ್ಲ, ಅವಳ ಹೆಜ್ಜೆ ಬೇಗಬೇಗ ಬೀಳುತ್ತಿವೆ, ಯಾಕೆ ಬೇಗ, ಏನಾಗಿದೆ ನಿನಗೆ, ಒಂದು ಗೂಟ ನೋಡಿ ಇಷ್ಟು.

ಎಸ್ಕಿಲ್ ಹೋದ ಆ ಒಣ ಬೇಸಿಗೆಯ ಹಸು, ಅದಕ್ಕೆ ಏನೋ ಹೆಸರಿತ್ತು, ಗೋಡೆಯ ನೆರಳಿನಲ್ಲಿ ನಾಲ್ಕೂ ಕಾಲು ನೆಟ್ಟಗೆ ಮಾಡಿಕೊಂಡು ಬಿದ್ದಿತ್ತು, ಹೊಟ್ಟೆ ಉಬ್ಬಿ, ಮೂಗಿನಿಂದ ರಕ್ತ, ಕಪ್ಪು ರಕ್ತ, ಬೆಳಗ್ಗೆ ಸುರಿದದ್ದು ಮಧ್ಯಾಹ್ನವಾದರೂ ಹೆಪ್ಪುಗಟ್ಟದೆ ಹಾಗೇ ನೀರು ನೀರು, ಮರುದಿನ ಇನ್ನೊಂದು ಹಸು, ಆಲ್ಗೊಟ್‌ನ ಮನೆಯಲ್ಲೂ, ಮಕ್ಕಳನ್ನು ಒಳಗೆ ಕೂಡಿಹಾಕಿದರು, ಎಸ್ಕಿಲ್‌ನನ್ನು ಹಾಕಲಿಲ್ಲ, ಅವನು ದೊಡ್ಡವನು, ಸತ್ತ ಹಸುಗಳನ್ನು ಎಳೆದೊಯ್ಯುವಾಗ ಕುದುರೆಯ ಸರಪಣಿ ಹಿಡಿಯಲು ಒಬ್ಬ ಬೇಕಿತ್ತು. ಒಲೆಯ ಹಿಂದೆ ಅಡಗಿ ಅವಳು ಕೇಳಿದಳು, ಆಲ್ಗೊಟ್‌ನ ದನಿ, ಮೇಷ್ಟ್ರೇ, ಹೊರಗೆ ಗೊತ್ತಾದ್ರೆ ಊರಿನ ಕೊಟ್ಟಿಗೆಗೆಲ್ಲ ಬೀಗ, ಹಾಲೆಲ್ಲ ಮೋರಿಗೆ, ನನ್ನ ಮನೇಲಿ ಕೂಸು ಹುಟ್ಟಿ ಇನ್ನೂ ತಿಂಗಳಾಗಿಲ್ಲ, ನಾವು ಏನು ತಿನ್ನಬೇಕು — ಕೂಸು ಅಂದರೆ ಸ್ಟೂರೆ — ಅಪ್ಪನ ದನಿ ಕೇಳಿಸಲಿಲ್ಲ. ದೊಡ್ಡವಳಾದ ಮೇಲೆ ಅವಳು ಅದನ್ನು ಕಳ್ಳಭಟ್ಟಿಯ ಮಾತೆಂದು ಲೆಕ್ಕ ಹಾಕಿಕೊಂಡಿದ್ದಳು, ಕದ್ದು ಕಾಯಿಸದ ಮನೆ ಈ ದ್ವೀಪದಲ್ಲಿ ಯಾವುದಿತ್ತು. ಆಮೇಲೆ ಎಸ್ಕಿಲ್‌ನ ಕೈ, ಬಲಗೈಯ ಬೆನ್ನಿನ ಮೇಲೆ ಸೊಳ್ಳೆ ಕಚ್ಚಿದಷ್ಟು ಗುಳ್ಳೆ, ಕೆರೆದ, ಒಡೆಯಿತು, ನಡುವೆ ಕಪ್ಪಗಾಯಿತು, ಇದ್ದಿಲಿನ ಚೂರು ಅಂಟಿಸಿದ ಹಾಗೆ, ಸುತ್ತ ಊದಿ ಹೊಳೆಯುತ್ತಿತ್ತು, ಅವನಿಗೆ ಅದೇ ದೊಡ್ಡಸ್ತಿಕೆ, ನೋಡು ರಾಗ್ನಿ, ಚೂರೂ ನೋವಿಲ್ಲ, ಬೇಕಾದ್ರೆ ಚುಚ್ಚಿ ನೋಡು, ನಂದು ಸೈತಾನನ ಕೈ. ಆ ವಾರವೇ ಮಧ್ಯಬೇಸಿಗೆಯ ಹಬ್ಬ ಆಗಿತ್ತು, ಹಬ್ಬದ ದಿನ ಮಕ್ಕಳೆಲ್ಲ ಒಂದೊಂದು ಆರ್ಕಿಡ್ ಕಿತ್ತು ಬೇರು ನೋಡುವುದಿತ್ತು, ಬೆರಳು ಬಿಟ್ಟ ಅಂಗೈಯಂಥ ಎರಡು ಗೆಡ್ಡೆ, ಒಂದು ಬಿಳಿ, ಮುಂದಿನ ವರ್ಷದ್ದು, ಅದು ದೇವರ ಕೈ, ಒಂದು ಕಪ್ಪು, ಈ ವರ್ಷದ ಹೂವಿಗೆ ತನ್ನನ್ನು ಉಣ್ಣಿಸಿ ಸುಕ್ಕಿಹೋದದ್ದು, ಅದು ಸೈತಾನನ ಕೈ, ಎರಡನ್ನೂ ಬಕೆಟ್ಟಿನ ನೀರಿಗೆ ಹಾಕಿದರೆ ದೇವರ ಕೈ ಮುಳುಗುತ್ತದೆ, ಸೈತಾನನದು ತೇಲುತ್ತದೆ, ಅದುಮಿ ಹಿಡಿದರೂ ಕೈ ಬಿಟ್ಟ ಕೂಡಲೇ ಮೇಲೆ ಬರುತ್ತದೆ, ಬರಲೇಬೇಕು ಮಕ್ಕಳೇ ಅನ್ನುತ್ತಿದ್ದಳು ಅಜ್ಜಿ. ಅಮ್ಮ ಡಾಕ್ಟರ ಹತ್ತಿರ ಹೋಗೋಣ ಅಂದಳು, ಅಪ್ಪ ನಾಳೆ ಅಂದ, ಡಾಕ್ಟರು ಆ ಕೈ ನೋಡಿದರೆ ಸಾಕಿತ್ತು, ದನದ ಗುಟ್ಟು ಹೊರಬೀಳುತ್ತಿತ್ತು, ನಾಳೆ ನೋಡೋಣ, ಊತ ಇಳಿದಿದೆ, ನಾಳೆ, ಮೊಣಕೈ ಊದಿತು, ಭುಜ ಊದಿತು, ನಾಳೆ — ಆಮೇಲೆ ಕೇಸರಿ ಹಾಕಿ ಬೇಯಿಸಿದ ಅನ್ನದ ಸಿಹಿ, ಮೇಲೆ ನೀಲಿ ಹಣ್ಣಿನ ಪಾಕ, ಮದುವೆಗೂ ಅದೇ ಮಣ್ಣು ಮಾಡಿದ ಮೇಲೂ ಅದೇ, ಅವಳು ಎರಡು ಸಲ ಹಾಕಿಸಿಕೊಂಡು ತಿಂದಳು, ಎಸ್ಕಿಲ್‌ನ ಪಾಲೂ ನನಗೇ ಅಂದಳು, ಆ ಮಾತಿಗೆ ಅಮ್ಮ ಎದ್ದು ಹೊರಗೆ ಹೋದಳು. ಮುಖ್ಯಭೂಮಿಯಲ್ಲಿ ಓದುವಾಗ ಪಶುವೈದ್ಯರೊಬ್ಬರು ಪಾಠ ಮಾಡಿದ್ದರು, ನೆರಡಿ ರೋಗ, ಆಂಥ್ರಾಕ್ಸ್, ಒಣಗಾಲದಲ್ಲಿ ಎದ್ದುಬರುತ್ತದೆ, ದನ ನಿಂತಲ್ಲೇ ಬಿದ್ದು ಸಾಯುತ್ತದೆ, ರಕ್ತ ಹೆಪ್ಪುಗಟ್ಟುವುದಿಲ್ಲ, ಮನುಷ್ಯರ ಕೈಗೆ ಬಂದರೆ ನೋವಿಲ್ಲದ ಹುಣ್ಣು, ನಡುವೆ ಇದ್ದಿಲಿನಂಥ ಕಪ್ಪು, ಸತ್ತ ದನವನ್ನು ಸುಡಬೇಕು, ಹೂಳಬಾರದು, ಹೂತರೆ ಅದರ ಬೀಜ ಮಣ್ಣಿನಲ್ಲಿ ತಲೆಮಾರುಗಟ್ಟಲೆ ಕಾಯುತ್ತದೆ, ಬೂದಿ ಮುಚ್ಚಿದ ಕೆಂಡ. ಅವಳು ಕೇಳಿದಳು, ಪರೀಕ್ಷೆಯಲ್ಲಿ ಬರೆದಳು, ಒಳ್ಳೆಯ ಅಂಕ ಬಂತು, ಒಂದು ಗಳಿಗೆಯೂ ಎದೆ ಝಲ್ಲೆನ್ನಲಿಲ್ಲ — ಎಲ್ಲವನ್ನೂ ಅಳೆದವಳು, ತುಟಿ ಅಳೆದೆ ಬಾಲ ಅಳೆದೆ, ಅಣ್ಣನ ಕೈಯನ್ನು ಒಂದು ಸಲ ಪಕ್ಕದಲ್ಲಿಟ್ಟು ನೋಡಲಿಲ್ಲ, ಯಾಕೆ ನೋಡಲಿಲ್ಲ, ನೋಡಿದರೆ ಅಪ್ಪ ಇರುತ್ತಿರಲಿಲ್ಲ, ಅದಕ್ಕೆ. ಸುಣ್ಣ ಸಾಕಾಗಲಿಲ್ಲ. ನಾವು ಒಂದಾಳು ಕೂಡ ತೋಡಲಿಲ್ಲ. ನೀನು ಹೂವಿಗೆ ಹೆಸರಿಡಲಿಲ್ಲ ಅಪ್ಪ, ಗುಂಡಿಗೆ ಬೀಗ ಹಾಕಿದೆ, ಬೀಗಕ್ಕೆ ಮಗನ ಹೆಸರಿಟ್ಟೆ, ನಾನು ಸತ್ಯವಂತೆ, ಅಳೆದು ನೋಡಿ ಬೀಗ ತೆಗೆದೆ.

ಈಗ ಓಡುತ್ತಿದ್ದಾಳೆ, ಎಪ್ಪತ್ತರ ಮಂಡಿ ಅಂದದ್ದನ್ನು ಕೇಳುವವರಿಲ್ಲ, ಜುನಿಪರ್ ಮುಳ್ಳು ಮೊಣಕೈ ಗೀರಿತು, ಸ್ಟೂರೆ, ಕೂಗಿದಳೋ ಕೂಗಿದೆ ಅಂದುಕೊಂಡಳೋ, ಸ್ಟೂರೆ ನಿಲ್ಲಿಸು, ಯಂತ್ರದ ಸದ್ದಿಗೆ ಕಾಗೆಯ ಕೂಗೂ ಕೇಳುವ ಹಾಗಿಲ್ಲ — ನಿಂತಿತು, ಸದ್ದು ನಿಂತಿತು, ತಾನೇ ನಿಲ್ಲಿಸಿದ್ದಾನೆ, ಪೊದೆ ದಾಟಿದಳು. ಹೊಂಡ ಆಗಲೇ ಮೊಣಕಾಲಿಗಿಂತ ಆಳ, ಪಕ್ಕದಲ್ಲಿ ಮಣ್ಣಿನ ಗುಡ್ಡೆ, ಕಪ್ಪು ಮಣ್ಣಿನಲ್ಲಿ ಒಂದು ಬಿಳಿ ಪಟ್ಟೆ, ಸುಣ್ಣ, ಗುಡ್ಡೆಯಲ್ಲಿ ಅಲ್ಲಲ್ಲಿ ಕಂದು ಕೋಲುಗಳಂಥವು ಚಾಚಿಕೊಂಡಿವೆ, ಕೋಲುಗಳಲ್ಲ. ಅವನ ಹೋರಿಗಳು ಗೋಡೆಯ ಸಂದಿನಿಂದ ನುಗ್ಗಿ ಬಂದಿವೆ, ತೇವದ ವಾಸನೆ ಅವಕ್ಕೆ, ನಾಲಿಗೆ ಚಾಚಿ ಹಸಿ ಮಣ್ಣು ನೆಕ್ಕುತ್ತಿವೆ, ಒಂದು ತಲೆಯೆತ್ತಿ ಅವಳನ್ನು ನೋಡಿ ಮತ್ತೆ ನೆಕ್ಕತೊಡಗಿತು, ಅದರ ಮೂಗಿನ ಮೇಲೆ ಸುಣ್ಣ ಮೆತ್ತಿದೆ. ಒದ್ದೆ ಗೋಣಿಯ ಮೇಲೆ ಎಸ್ಕಿಲ್ ಹೂಗಳು ಸಾಲಾಗಿ, ಬೇರು ಮುರಿಯದೆ, ಒಂದು ಎಲೆ ಹರಿಯದೆ, ತೊಟ್ಟಿಲ ಕೂಸನ್ನು ಎತ್ತಿ ಮಲಗಿಸಿದ ಹಾಗೆ ಮಲಗಿಸಿದ್ದಾನೆ, ಅವನು ಹೊಂಡದ ಅಂಚಿನಲ್ಲಿ ಮಂಡಿಯೂರಿ ಕೂತಿದ್ದಾನೆ, ಬೆವರು, ನಗು, ನೋಡು ಡಾಕ್ಟರಮ್ಮ, ಬೆಳಗ್ಗೆಯಿಂದ ಇದೇ ಕೆಲಸ, ನೀ ಹೇಳಿದ ಹಾಗೇ ಬರಿಗೈಯಲ್ಲಿ, ಒಂದೂ ಮುರೀಲಿಲ್ಲ. ಅವಳಿಗೆ ಉಸಿರು ಸಿಗುತ್ತಿಲ್ಲ, ಕೈ ಬೀಸಿದಳು, ಅವನು ಅದನ್ನು ಮೆಚ್ಚುಗೆ ಅಂದುಕೊಂಡ, ಇಲ್ಲಿ ಒಂದು ಮಂದೆ ದನಾನೇ ಹೂತಿದ್ದಾರೆ ಕಣೆ ಯಾರೋ, ಎಲುಬೇ ಎಲುಬು, ಒಂದು ಮುರುಕು ಚುಚ್ಕೊಂಡು ಕೈ ಕಿತ್ತೋಯ್ತು, ಬಿಡು, ನೋವೇನಿಲ್ಲ. ಹೇಳಬೇಕು, ಈಗಲೇ ಹೇಳಬೇಕು, ಆಸ್ಪತ್ರೆಗೆ ನಡಿ, ದನಗಳನ್ನು ಓಡಿಸು, ಈ ಕಾಲದಲ್ಲಿ ಔಷಧಿ ಇದೆ, ಸಮಯಕ್ಕೆ ಕೊಟ್ಟರೆ ಏನೂ ಆಗುವುದಿಲ್ಲ, ಆದರೆ ಅಲ್ಲಿ ಕೇಳುತ್ತಾರೆ, ಯಾವ ನೆಲ, ಯಾರು ಹೂತದ್ದು, ನಿಮಗೆ ಹೇಗೆ ಗೊತ್ತು, ಕುರ್ಚಿ, ಕಂಬಳಿ, ಕಂಬಳಿಯೊಳಗೆ ಎಳೆದುಕೊಂಡ ಕೈ, ತೊಂಬತ್ತು ದಾಟಿದ ಮುದುಕನನ್ನು ಪೊಲೀಸರು ಏನು ಕೇಳುತ್ತಾರೆ, ನಿನ್ನ ಮಗನ ಕೈಯನ್ನು ಡಾಕ್ಟರಿಗೆ ಯಾಕೆ ತೋರಿಸಲಿಲ್ಲ ಎಂದು ಕೇಳುತ್ತಾರೆ, ಅವನಿಗೆ ಇನ್ನು ಎಷ್ಟು ದಿನವಿದೆ, ಮಣ್ಣಿನಲ್ಲಿ ಅದು ಸತ್ತೇ ಹೋಗಿರಬಹುದು, ಬರೀ ತರಚು ಗಾಯ, ಗುಳ್ಳೆ ಎದ್ದರೆ ನೋಡೋಣ, ಬಾಯಿ ತೆರೆದಳು, ನಾಲಿಗೆಯ ಮೇಲೆ ಆಗಲೇ ಒಂದು ಮಾತು ಬಂದು ಕೂತಿತ್ತು, ನಾಳೆ — ಅಪ್ಪನ ಮಾತು, ಅಪ್ಪನದೇ ದನಿ, ಅವಳ ಬಾಯಲ್ಲಿ. ಸ್ಟೂರೆ ಒಂದು ಗಿಡದ ಬುಡವನ್ನು ಅಂಗೈ ಮೇಲಿಟ್ಟು ಅವಳ ಕಡೆ ಚಾಚಿದ, ಮಣ್ಣು ಮೆತ್ತಿದ ದೊಡ್ಡ ಕೈ, ಮಣ್ಣಿನೊಳಗಿಂದ ರಕ್ತ ಒಸರಿ ಬೆರಳ ಸಂದಿಗೆ ಇಳಿಯುತ್ತಿದೆ, ಹಬ್ಬದಲ್ಲಿ ಆಡ್ತಿದ್ವಲ್ಲ, ಇದರಲ್ಲಿ ದೇವರ ಕೈ ಯಾವುದು ಸೈತಾನಂದು ಯಾವುದು, ಮಣ್ಣಾಗಿ ಎರಡೂ ಒಂದೇ ಥರ ಕಾಣ್ತವೆ, ನೀನೇ ಹೇಳು ರಾಗ್ನಿ. ಅಂಗೈ, ಅದರ ಮೇಲೆ ಇನ್ನೆರಡು ಪುಟ್ಟ ಅಂಗೈ, ಅವನು ಕಾಯುತ್ತಿದ್ದಾನೆ, ಹೋರಿ ನೆಕ್ಕುತ್ತಿದೆ, ಹೇಳಬೇಕು, ಬಲಗೈ, ಬಲಗೈಯ ಬೆನ್ನು, ಚೂರೂ ನೋವಿಲ್ಲ ಬೇಕಾದ್ರೆ ಚುಚ್ಚಿ ನೋಡು, ಆ ಕೈ, ಚಾಚಿದ ಕೈ, ಕಪ್ಪು ಕೈ, ಕಪ್ಪು ಕೈ